ಗ್ರಾಫಿಕ್ಸ್ ಕಾರ್ಡ್ ಗೇಮ್ ಆಡುವವರ ಕೈತಪ್ಪಿದ್ದು ಹೇಗೆ?

2020ರ ಸೆಪ್ಟೆಂಬರ್ 17ರಂದು ಅಮೆರಿಕದ ಚಿಪ್ ಕಂಪನಿ ಎನ್‌ವಿಡಿಯಾದ ಆರ್‌ಟಿಎಕ್ಸ್ 3080 ಎಂಬ ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರಿನಲ್ಲಿ ಗೇಮ್‌ನ ಚಿತ್ರ ಮೂಡಿಸುವ ಬಿಡಿಭಾಗ, ಮಾರಾಟಕ್ಕೆ ಬಂತು. ಘೋಷಿಸಿದ ಬೆಲೆ 699 ಡಾಲರ್. ಅಷ್ಟು ದುಡ್ಡಿಗೆ ಅಷ್ಟು ವೇಗದ ಕಾರ್ಡ್ ಅದುವರೆಗೆ ಬಂದಿರಲಿಲ್ಲ. ಆದರೆ ಮಾರಾಟ ಶುರುವಾದ ಸ್ವಲ್ಪ ಹೊತ್ತಿಗೇ ಎಲ್ಲ ಕಡೆ ‘ಔಟ್ ಆಫ್ ಸ್ಟಾಕ್’. ಕಾರ್ಟಿಗೆ ಹಾಕಿಕೊಂಡವರಿಗೆ ಹಣ ಕಟ್ಟುವಷ್ಟರಲ್ಲಿ ಮಾಯ. ಎಷ್ಟೋ ಜನರಿಗೆ ಕೊಳ್ಳುವ ಬಟನ್ನೇ ಕಾಣಲಿಲ್ಲ. ಅದೇ ದಿನ ಇಬೇಯಲ್ಲಿ ಅದೇ ಕಾರ್ಡ್ ದುಪ್ಪಟ್ಟು ಬೆಲೆಗೆ ಕೂತಿತ್ತು. ಸಿಟ್ಟಿಗೆದ್ದ ಕೆಲವರು ಹರಾಜಿನಲ್ಲಿ ಸುಮ್ನೆ ಸಾವಿರಾರು ಡಾಲರ್ ಕೂಗಿ ಬ್ಲ್ಯಾಕ್‌ನವರ ವ್ಯಾಪಾರ ಕೆಡಿಸಿದರು. ಕೊನೆಗೆ ಕಂಪನಿಯೇ ಕ್ಷಮೆ ಕೇಳಬೇಕಾಯಿತು.

ಕಾರ್ಡ್‌ಗಳ ಬರ ಅಂದಾಗ ಎಲ್ಲರಿಗೂ ನೆನಪಾಗುವುದು ಆ ದಿನವೇ. ಆದರೆ ಕಥೆ ಅದಕ್ಕಿಂತ ಏಳು ವರ್ಷ ಹಳೆಯದು.

2013ರ ಹೊತ್ತಿಗೆ ಬಿಟ್‌ಕಾಯಿನ್ ಮೈನಿಂಗ್ (ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ) ಗ್ರಾಫಿಕ್ಸ್ ಕಾರ್ಡ್‌ಗಳನ್ನು ಬಿಟ್ಟು, ಅದಕ್ಕೆಂದೇ ಮಾಡಿದ ಎಸಿಕ್ ಯಂತ್ರಗಳ ಕಡೆ ಹೊರಟಿತ್ತು. ಲೈಟ್‌ಕಾಯಿನ್ ಎಂಬ ಇನ್ನೊಂದು ಡಿಜಿಟಲ್ ನಾಣ್ಯದ ಲೆಕ್ಕ ಬೇರೆ ಥರದ್ದು. ಅದಕ್ಕೆ ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿಯ ಕಾರ್ಡ್‌ಗಳು ಚೆನ್ನಾಗಿ ಹೊಂದುತ್ತಿದ್ದವು. ಆ ಅಕ್ಟೋಬರ್‌ನಲ್ಲಿ 549 ಡಾಲರ್‌ಗೆ ಬಂದ ಆರ್9 290ಎಕ್ಸ್ ಕೆಲವೇ ತಿಂಗಳಲ್ಲಿ ಆ ಬೆಲೆಗೆ ಸಿಗದಂತಾಯಿತು. ಮರುವರ್ಷ ಲೈಟ್‌ಕಾಯಿನ್‌ಗೂ ಎಸಿಕ್ ಬಂತು. ದುಡಿದು ಸುಸ್ತಾದ ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದು ಬಿದ್ದವು. ಏನೋ ಒಂದು ಸಲದ ಗಲಾಟೆ ಅಂತ ಎಲ್ಲರೂ ಮರೆತರು.

2017ರಲ್ಲಿ ಎಥೀರಿಯಂ ಎಂಬ ಮತ್ತೊಂದು ಡಿಜಿಟಲ್ ನಾಣ್ಯದ ಜಾಲದ ಸರದಿ. ಅದರ ಮೈನಿಂಗ್ ವಿಧಾನವನ್ನು ಬೇಕೆಂದೇ ಮೆಮೊರಿಯ ಮೇಲೆ ಭಾರ ಬೀಳುವಂತೆ ಮಾಡಿದ್ದರು. ಎಸಿಕ್ ಇಟ್ಟುಕೊಂಡ ದೊಡ್ಡ ಕುಳಗಳೇ ಎಲ್ಲ ಬಾಚಿಕೊಳ್ಳಬಾರದು, ಮನೆಯಲ್ಲಿ ಕಂಪ್ಯೂಟರ್ ಇರುವ ಯಾರು ಬೇಕಾದರೂ ಮಾಡುವಂತಿರಬೇಕು ಅನ್ನುವುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ವೇಗದ ಮೆಮೊರಿ ಎಲ್ಲಿರುತ್ತದೆ? ಗ್ರಾಫಿಕ್ಸ್ ಕಾರ್ಡಿನಲ್ಲೇ ಅಲ್ವಾ. ಹಾಗಾಗಿ ಮಧ್ಯಮ ದರದ ಆರ್‌ಎಕ್ಸ್ 580, ಜಿಟಿಎಕ್ಸ್ 1060, 1070 ಮೊದಲು ಖಾಲಿಯಾದವು. ದುಡ್ಡು ಕೂಡಿಸಿ ಒಂದೇ ಒಂದು ಕಾರ್ಡ್ ಕೊಳ್ಳುವ ಹುಡುಗರ ಪಾಲಿನ ಕಾರ್ಡ್‌ಗಳು ಅವು.

ಇಲ್ಲಿ ಒಂದು ಲೆಕ್ಕ ಅರ್ಥವಾದರೆ ಮುಂದಿನದೆಲ್ಲ ಸುಲಭ. ದಿನಕ್ಕೆ 5 ಡಾಲರ್ ದುಡಿಯುವ ಕಾರ್ಡ್ ಇದೆ ಅಂದುಕೊಳ್ಳಿ. 500 ಡಾಲರ್ ಕೊಟ್ಟರೆ ಅಸಲು ಬರಲು 100 ದಿನ ಬೇಕು. 1,000 ಕೊಟ್ಟರೆ 200 ದಿನ. ಮೈನಿಂಗ್ ಮಾಡುವವನಿಗೆ ಎರಡೂ ಲಾಭದ ಬಾಬತ್ತೇ, ಸ್ವಲ್ಪ ಕಾಯಬೇಕು ಅಷ್ಟೆ. ಕರೆಂಟ್ ಬಿಲ್ ಕಳೆದರೂ ಲೆಕ್ಕ ಕೂಡುತ್ತದೆ. ಗೇಮ್ ಆಡುವವನಿಗೆ ಕಾರ್ಡ್ ನಯಾಪೈಸೆ ದುಡಿದು ಕೊಡುವುದಿಲ್ಲ, 1,000 ಡಾಲರ್ ಅಂದರೆ ಜೇಬಿನಿಂದ ಹೋದ 1,000 ಡಾಲರ್. ಇವರಿಬ್ಬರೂ ಒಂದೇ ಕಪಾಟಿನ ಮುಂದೆ ನಿಂತರೆ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಾಗಿಲ್ಲ. ಬೆಲೆ ಗೇಮ್ ಆಡುವವರ ಜೇಬು ನೋಡಿ ಏರುವುದನ್ನು ಬಿಟ್ಟು, ಕಾಯಿನ್ ದರ ನೋಡಿ ಏರತೊಡಗಿತು.

2018ರಲ್ಲಿ ಕಾಯಿನ್ ದರ ನೆಲಕಚ್ಚಿತು. ಈಗ ಅಂಗಡಿಗಳಲ್ಲಿ ಕಾರ್ಡ್‌ಗಳ ರಾಶಿ, ಕೇಳುವವರಿಲ್ಲ. ಎನ್‌ವಿಡಿಯಾ ಷೇರು ಕುಸಿಯಿತು. ಮೈನಿಂಗ್‌ನಿಂದ ಎಷ್ಟು ವ್ಯಾಪಾರವಾಗುತ್ತಿದೆ ಅನ್ನುವುದನ್ನು ಹೂಡಿಕೆದಾರರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬ ಆರೋಪಕ್ಕೆ 2022ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಗೆ 55 ಲಕ್ಷ ಡಾಲರ್ ದಂಡವನ್ನೂ ಕಟ್ಟಿತು. ಒಮ್ಮೆ ಹೀಗೆ ಕೈ ಸುಟ್ಟುಕೊಂಡವರು ಮುಂದಿನ ಸಲ ಬೇಡಿಕೆ ಬಂತು ಅಂತ ಧೈರ್ಯವಾಗಿ ಜಾಸ್ತಿ ಮಾಡಿಸಿಡುವುದು ಕಷ್ಟ.

ಆ ಮುಂದಿನ ಸಲವೇ 2020. ಕೊರೊನಾದಿಂದ ಜನ ಮನೆಯಲ್ಲಿ ಕೂತು ಕಂಪ್ಯೂಟರ್ ಕೊಳ್ಳುತ್ತಿದ್ದರು. ಎಥೀರಿಯಂನ ನಾಣ್ಯವಾದ ಈಥರ್ ದರ ಮತ್ತೆ ಏರುತ್ತಿತ್ತು. ಪ್ಲೇಸ್ಟೇಷನ್ 5 ಮತ್ತು ಹೊಸ ಎಕ್ಸ್‌ಬಾಕ್ಸ್ ಅದೇ ನವೆಂಬರ್‌ನಲ್ಲಿ ಬಂದವು. ಅವುಗಳ ಚಿಪ್, ಎಎಂಡಿಯ ಹೊಸ ಕಾರ್ಡ್‌ಗಳ ಚಿಪ್ ಎರಡೂ ತೈವಾನಿನ ಟಿಎಸ್‌ಎಂಸಿಯ ಅದೇ 7 ನ್ಯಾನೊಮೀಟರ್ ಲೈನ್‌ನಲ್ಲಿ ತಯಾರಾಗಬೇಕಿತ್ತು. ಎನ್‌ವಿಡಿಯಾ ಆ ಸಲ ಸ್ಯಾಮ್‌ಸಂಗ್ ಕಡೆ ಹೋಗಿತ್ತು. ಅಲ್ಲೂ ಕೇಳಿದಷ್ಟು ಸಿಗಲಿಲ್ಲ.

ಬೇಡಿಕೆ ಇದ್ದರೆ ಜಾಸ್ತಿ ಮಾಡಿದರಾಯಿತಲ್ಲ ಅಂತ ಕೇಳುವವರಿದ್ದಾರೆ. 3080ರ ಚಿಪ್ ಒಂದನ್ನೇ ನೋಡಿ. ಅದರ ವಿಸ್ತೀರ್ಣ 628 ಚದರ ಮಿಲಿಮೀಟರ್. 300 ಮಿಲಿಮೀಟರ್ ಅಗಲದ ಒಂದು ದುಂಡನೆಯ ಸಿಲಿಕಾನ್ ವೇಫರ್‌ನಲ್ಲಿ ಇಂಥವು ನೂರು ಕೂಡ ಹಿಡಿಸುವುದಿಲ್ಲ. ಅದರಲ್ಲೂ ದೋಷ ಬಂದವನ್ನು ಕಳೆಯಬೇಕು. ಫೋನಿನ ಚಿಪ್ ಆದರೆ ಅದೇ ವೇಫರ್‌ನಲ್ಲಿ ನೂರಾರು ಬರುತ್ತವೆ. ವೇಫರ್ ಒಳಗೆ ಹೋಗಿ ಚಿಪ್ ಆಗಿ ಹೊರಬರಲು ತಿಂಗಳುಗಳೇ ಬೇಕು, ಹೊಸ ಫ್ಯಾಕ್ಟರಿಗೆ ವರ್ಷಗಳು. ಚಿಪ್ ಬಂದರೂ ಅದನ್ನು ಕೂರಿಸುವ ಪುಟ್ಟ ಸಬ್‌ಸ್ಟ್ರೇಟ್ ಹಲಗೆಗೂ ಆಗ ಕೊರತೆ.

ಇದ್ದಷ್ಟನ್ನು ಬಾಟ್‌ಗಳು ಹೊಡೆದುಕೊಂಡವು. ಮನುಷ್ಯ ಪೇಜ್ ರಿಫ್ರೆಶ್ ಮಾಡಿ ಮೌಸ್ ಒತ್ತುವುದರೊಳಗೆ ಪ್ರೋಗ್ರಾಂ ಹಣ ಕಟ್ಟಿ ಮುಗಿಸಿರುತ್ತಿತ್ತು. ಎನ್‌ವಿಡಿಯಾ ಚಿಪ್ ಹಾಕಿ ಕಾರ್ಡ್ ಮಾಡುತ್ತಿದ್ದ ಇವಿಜಿಎ ಕಂಪನಿ ಹೆಸರು ಬರೆಸಿ ಸರದಿ ಕಾಯುವ ವ್ಯವಸ್ಥೆ ಮಾಡಿತು. ನನ್ನ ಪ್ರಕಾರ ಆ ಕಾಲದಲ್ಲಿ ನಡೆದ ಮರ್ಯಾದೆಯ ಕೆಲಸ ಅದೊಂದೇ. ಅಮೆರಿಕದ ಆನ್‌ಲೈನ್ ಅಂಗಡಿ ನ್ಯೂಎಗ್ ಲಾಟರಿ ಶುರುಮಾಡಿತು. ಅದರಲ್ಲಿ ಗೆದ್ದರೂ ಎಷ್ಟೋ ಸಲ ಬೇಡದ ಮದರ್‌ಬೋರ್ಡನ್ನೋ ಪವರ್ ಸಪ್ಲೈಯನ್ನೋ ಜೊತೆಗೆ ಕೊಳ್ಳಬೇಕಿತ್ತು.

ಎನ್‌ವಿಡಿಯಾ 2021ರ ಫೆಬ್ರವರಿಯಲ್ಲಿ 329 ಡಾಲರ್‌ನ ಆರ್‌ಟಿಎಕ್ಸ್ 3060 ಬಿಟ್ಟಾಗ, ಎಥೀರಿಯಂ ಮೈನಿಂಗ್ ವೇಗ ಅರ್ಧಕ್ಕೆ ಇಳಿಯುವಂತೆ ಬೀಗ ಹಾಕಿತ್ತು. ಮರುತಿಂಗಳೇ ಕಾರ್ಡ್ ನಡೆಸುವ ತನ್ನದೇ ಒಂದು ಸಾಫ್ಟ್‌ವೇರ್‌ನ ಪರೀಕ್ಷಾ ಆವೃತ್ತಿಯಲ್ಲಿ (ಬೀಟಾ ಡ್ರೈವರ್) ಆ ಬೀಗವನ್ನು ತಪ್ಪಿ ತೆಗೆದುಬಿಟ್ಟಿತು! ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯದೆ ಕೂತವರು ಬಹಳ ಜನ.

2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಮೈನಿಂಗ್ ಅನ್ನೇ ಕೈಬಿಟ್ಟು, ಲೆಕ್ಕದ ಬದಲು ನಾಣ್ಯ ಒತ್ತೆ ಇಟ್ಟು ನಡೆಸುವ ‘ಪ್ರೂಫ್ ಆಫ್ ಸ್ಟೇಕ್’ ವಿಧಾನಕ್ಕೆ ಬದಲಾಯಿತು. ಒಂದೇ ದಿನದಲ್ಲಿ ಮೈನಿಂಗ್ ಕಾರ್ಡ್‌ಗಳ ಕೆಲಸ ಹೋಯಿತು. ಇನ್ನು ಬೆಲೆ ಇಳಿಯುತ್ತದೆ ಅಂತ ಕಾದವರಿಗೆ ಐದೇ ದಿನದಲ್ಲಿ ಉತ್ತರ ಸಿಕ್ಕಿತು. ಎನ್‌ವಿಡಿಯಾ 40 ಸರಣಿ ಘೋಷಿಸಿತು: 4090ಕ್ಕೆ 1,599 ಡಾಲರ್, 16 ಜಿಬಿಯ 4080ಕ್ಕೆ 1,199. ಹಿಂದಿನ 3080 ಬಂದದ್ದು 699ಕ್ಕೆ ಅನ್ನುವುದು ನೆನಪಿರಲಿ. ಚಿಪ್ ಬೆಲೆ ಇಳಿಯುತ್ತಾ ಹೋಗುವ ಕಾಲ ಮುಗಿಯಿತು ಅಂತ ಕಂಪನಿಯ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ಹೇಳಿಯೂ ಬಿಟ್ಟರು. ಹೊಸ ಲೈನ್‌ನ ವೇಫರ್ ದುಬಾರಿ ಅನ್ನುವುದು ನಿಜ. ಆದರೆ ಅದೊಂದೇ ಕಾರಣ ಅಂತ ನಾನು ನಂಬುವುದಿಲ್ಲ. ಎರಡು ವರ್ಷ ಬ್ಲ್ಯಾಕ್‌ನಲ್ಲಿ ಜನ ಎಷ್ಟು ಕೊಟ್ಟರು ಅನ್ನುವುದನ್ನು ಎಲ್ಲರೂ ನೋಡಿದ್ದರು. ಬ್ಲ್ಯಾಕ್‌ನವನ ಬೆಲೆಯೇ ಈಗ ರಸೀದಿಯ ಮೇಲೆ ಬಂತು. ಸರದಿ ಇಟ್ಟು ಮಾರಿದ್ದ ಇವಿಜಿಎ ಅದೇ ತಿಂಗಳು ಗ್ರಾಫಿಕ್ಸ್ ಕಾರ್ಡ್ ವ್ಯಾಪಾರವನ್ನೇ ಬಿಟ್ಟಿತು.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅನ್ನುವಂತೆ, ಎರಡೂವರೆ ತಿಂಗಳಲ್ಲಿ ಚಾಟ್‌ಜಿಪಿಟಿ ಬಂತು. ಈಗ ಚಿಪ್‌ಗಳಿಗೆ ಎಐನವರು ಮುಗಿಬಿದ್ದರು. 2021ರ ಜನವರಿಗೆ ಮುಗಿದ ವರ್ಷದಲ್ಲಿ ಎನ್‌ವಿಡಿಯಾಗೆ ಗೇಮಿಂಗ್‌ನಿಂದ ಬಂದದ್ದು ಸುಮಾರು 776 ಕೋಟಿ ಡಾಲರ್, ಸರ್ವರ್‌ಗಳನ್ನಿಡುವ ಡೇಟಾ ಸೆಂಟರ್‌ಗಳಿಂದ ಸುಮಾರು 670 ಕೋಟಿ. 2025ರ ಜನವರಿಗೆ ಮುಗಿದ ವರ್ಷದಲ್ಲಿ ಗೇಮಿಂಗ್ ಸುಮಾರು 1,135 ಕೋಟಿ, ಡೇಟಾ ಸೆಂಟರ್ 11,500 ಕೋಟಿಗೂ ಜಾಸ್ತಿ. ಒಂದಕ್ಕೆ ಹತ್ತು. ಸಿಕ್ಕ ವೇಫರ್‌ನಲ್ಲಿ ಯಾವುದನ್ನು ಮೊದಲು ಮಾಡಿಸುತ್ತಾರೆ ಅಂತ ನೀವೇ ಯೋಚಿಸಿ. 2025ರ ಜನವರಿ 30ಕ್ಕೆ 1,999 ಡಾಲರ್‌ನ 5090 ಬಂದಾಗ ಮತ್ತೆ ಅದೇ ಖಾಲಿ ಪೇಜು, ಅದೇ ದುಪ್ಪಟ್ಟು ಬೆಲೆ. ಅದರ 32 ಜಿಬಿ ಮೆಮೊರಿಯ ಮೇಲೆ ಎಐ ಕೆಲಸದವರ ಕಣ್ಣೂ ಇತ್ತು.

ಮೈನಿಂಗ್ ಕಾಲಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮೈನಿಂಗ್‌ನವರು ನಾವು ಕೊಳ್ಳುವ ಕಾರ್ಡ್‌ಗಳನ್ನೇ ಕೊಂಡರು. ಅವರ ವ್ಯಾಪಾರ ಮುಳುಗಿದಾಗ ಆ ಕಾರ್ಡ್‌ಗಳು ಅಗ್ಗವಾಗಿ ನಮ್ಮ ಕಡೆ ಬಂದವು. ಎಐ ಸರ್ವರ್‌ಗಳಿಗೆ ಹೋಗುವ ಎಚ್100ನಂಥವುಗಳಲ್ಲಿ ಮಾನಿಟರ್ ಕೇಬಲ್ ಸಿಕ್ಕಿಸಲು ಜಾಗವೇ ಇಲ್ಲ. ನಾಳೆ ಎಐ ಭರಾಟೆ ತಣ್ಣಗಾದರೂ ಅವು ಗೇಮ್ ಆಡುವವರ ಉಪಯೋಗಕ್ಕೆ ಬರುವುದಿಲ್ಲ. ಮೆಮೊರಿಯದ್ದೂ ಈಗ ಅದೇ ಪಾಡು. ಕಾರ್ಡ್‌ಗಳ ಮೆಮೊರಿ ಬರುವುದು ಮುಖ್ಯವಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂವರಿಂದ. ಮೂವರೂ ಎಐ ಚಿಪ್‌ಗಳಿಗೆ ಬೇಕಾದ ಎಚ್‌ಬಿಎಂ ಮೆಮೊರಿಯ ಹಿಂದೆ ಬಿದ್ದಿದ್ದಾರೆ. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ, ಜನಸಾಮಾನ್ಯರಿಗೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು.