ವಯಸ್ಸು ತಾಳೆಯಾಗದಿದ್ದರೂ ಮುತ್ತಜ್ಜಿ ಅವಳೇ ಇರಬಹುದು

ಹಿರಿಯರನ್ನು ಹುಡುಕಿಸಲು ಬರುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಇಂಗ್ಲೆಂಡ್, ಐರ್ಲೆಂಡ್ ಅಥವಾ ಅಮೆರಿಕದ ಹಳೆಯ ಜನಗಣತಿಯಲ್ಲಿ ಹೆಸರು ಸಿಕ್ಕಿದೆ, ಊರು ಹೊಂದುತ್ತದೆ, ಗಂಡನ ಹೆಸರೂ ಹೊಂದುತ್ತದೆ. ಆದರೆ ವಯಸ್ಸು ನಾಲ್ಕು ವರ್ಷ ಕಮ್ಮಿ ಇದೆ. ಹಾಗಾದರೆ ಇವಳು ಬೇರೆಯವಳು ಅಲ್ವಾ?

ಎಷ್ಟೋ ಜನ ಅಲ್ಲಿಗೇ ಹುಡುಕಾಟ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ವಯಸ್ಸು ಸರಿಯಾಗಿ ಕೂಡುವ ಬೇರೆ ಯಾರನ್ನೋ ತಂದು ವಂಶವೃಕ್ಷದಲ್ಲಿ ಕೂರಿಸುತ್ತಾರೆ. ಇದು ಹುಡುಕಾಟ ನಿಲ್ಲಿಸುವುದಕ್ಕಿಂತ ಕೆಟ್ಟದ್ದು. ಅಲ್ಲಿಂದ ಹಿಂದಕ್ಕೆ ಹೋದಷ್ಟೂ ಸಿಗುವವರೆಲ್ಲ ಬೇರೆಯವರ ಮನೆಯ ಹಿರಿಯರೇ ಆಗಿರುತ್ತಾರೆ.

ಮೊದಲು ಆ ಗಣತಿಯ ಪುಟ ಹೇಗೆ ಹುಟ್ಟಿತು ಅಂತ ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1801ರಿಂದಲೇ ಗಣತಿ ಇದೆ. ಮನೆಯವರೆಲ್ಲರ ಹೆಸರನ್ನು ದೇಶದಾದ್ಯಂತ ಬರೆದುಕೊಳ್ಳಲು ಶುರು ಮಾಡಿದ್ದು 1841ರಲ್ಲಿ. ಮನೆಗೊಂದು ಫಾರಂ ಕೊಡುತ್ತಿದ್ದರು. ಮನೆಯವರು ತುಂಬಬೇಕಿತ್ತು, ಬರೆಯಲು ಬಾರದವರಿಗೆ ಗಣತಿದಾರನೇ ತುಂಬಿಕೊಡುತ್ತಿದ್ದ. ಆಮೇಲೆ ಅವನು ಅದನ್ನೆಲ್ಲ ತನ್ನ ಪುಸ್ತಕಕ್ಕೆ ನಕಲು ಮಾಡುತ್ತಿದ್ದ. 1841ರಿಂದ 1901ರವರೆಗೆ ನಮಗೆ ಸಿಗುವುದು ಈ ನಕಲು. ಮನೆಯವರು ತುಂಬಿದ ಫಾರಂಗಳು ಉಳಿದಿರುವುದು 1911ರಿಂದ. ಅಮೆರಿಕದಲ್ಲಿ ಗಣತಿದಾರ ಬಾಗಿಲಿಗೆ ಬಂದು, ಎದುರಿಗೆ ಸಿಕ್ಕವರನ್ನು ಕೇಳಿ ಬರೆದುಕೊಂಡ. ಉತ್ತರ ಕೊಟ್ಟದ್ದು ಹೆಂಡತಿಯೋ, ಹಿರಿಯ ಮಗನೋ, ಪಕ್ಕದ ಮನೆಯವರೋ ಪುಟದಲ್ಲಿ ಕಾಣುವುದಿಲ್ಲ. 1940ರ ಗಣತಿಯಲ್ಲಿ ಮಾತ್ರ ಉತ್ತರ ಕೊಟ್ಟವರ ಹೆಸರಿನ ಪಕ್ಕ ವೃತ್ತದೊಳಗೆ ಎಕ್ಸ್ ಗುರುತು ಹಾಕಿದ್ದಾರೆ. ಅದನ್ನು ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ, ಬೇರೆ ವರ್ಷಗಳಲ್ಲೂ ಹೀಗೇ ಮಾಡಬಾರದಿತ್ತೇ ಅನ್ನಿಸುತ್ತದೆ.

ಇಂಗ್ಲೆಂಡಿನ 1841ರ ಗಣತಿಯ ವಯಸ್ಸನ್ನು ಹಾಗೇ ನಂಬಬೇಡಿ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಅಂತ ಗಣತಿದಾರರಿಗೆ ಸೂಚನೆ ಇತ್ತು. ಹಾಗಾಗಿ 34 ವರ್ಷದವನು 30 ಆಗುತ್ತಾನೆ. ಎಲ್ಲರೂ ಈ ಸೂಚನೆ ಪಾಲಿಸಲಿಲ್ಲ, ಅದು ಇನ್ನೊಂದು ತೊಡಕು. ಆ ವರ್ಷ ಯಾರು ಯಾರಿಗೆ ಏನಾಗಬೇಕು ಅಂತಲೂ ಬರೆದಿಲ್ಲ. ಒಂದೇ ಮನೆಯ ಗಂಡಸು, ಹೆಂಗಸು, ಮಕ್ಕಳು ಅಂದಾಕ್ಷಣ ಅಪ್ಪ, ಅಮ್ಮ, ಮಕ್ಕಳು ಅಂದುಕೊಳ್ಳಬಾರದು. ಅಣ್ಣ, ತಂಗಿ, ಅಣ್ಣನ ಮಕ್ಕಳೂ ಇರಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಹೆಣ್ಣುಮಗಳ ವಯಸ್ಸು 1851ರಲ್ಲಿ 6, 1861ರಲ್ಲಿ 16, 1871ರಲ್ಲಿ 24, 1881ರಲ್ಲಿ 33, 1891ರಲ್ಲಿ 42, 1901ರಲ್ಲಿ 55 ಅಂತ ಬರೆದಿದೆ ಅನ್ನಿ. ಹುಟ್ಟಿದ ವರ್ಷ ತಿಳಿಯಲು ಇವುಗಳ ಸರಾಸರಿ ತೆಗೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆರು ವರ್ಷದ ಮಗುವಿನ ವಯಸ್ಸು ಹೇಳಿದ್ದು ಹೆತ್ತವರು, ಅದೂ ಹೆರಿಗೆಯಾಗಿ ಆರೇ ವರ್ಷಕ್ಕೆ. ಅಲ್ಲಿ ತಪ್ಪಾದರೂ ಒಂದು ವರ್ಷ ಆಚೀಚೆ ಆದೀತು. ಹಾಗಾಗಿ ಚಿಕ್ಕಂದಿನ ವಯಸ್ಸಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಈಗ ಗಣತಿಯ ದಿನ ನೋಡಿ. 1851ರಲ್ಲಿ ಅದು ಮಾರ್ಚ್ 30. ಆ ದಿನ ಆರು ತುಂಬಿದ್ದರೆ ಅವಳು ಹುಟ್ಟಿದ್ದು 1844ರ ಮಾರ್ಚ್ 31 ಮತ್ತು 1845ರ ಮಾರ್ಚ್ 30ರ ನಡುವೆ. 1861ರಲ್ಲಿ ಗಣತಿ ಏಪ್ರಿಲ್ 7ಕ್ಕೆ. ಆ ದಿನ ಹದಿನಾರು ತುಂಬಿ, ಹದಿನೇಳು ತುಂಬದೆ ಇರಬೇಕಾದರೆ 1844ರ ಏಪ್ರಿಲ್ 8ಕ್ಕೆ ಮೊದಲು ಹುಟ್ಟಿರಲಾರಳು. ಎರಡೂ ಗಣತಿ ಒಂದನ್ನೊಂದು ಗಟ್ಟಿ ಮಾಡುತ್ತಿವೆ. ಜನನ ನೋಂದಣಿಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಹುಡುಕಬೇಕು ಅಂತಲೂ ಗೊತ್ತಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ 1837ರ ಜುಲೈನಿಂದ ಇದೆ.

ಹಾಗಾದರೆ 1871ರಲ್ಲಿ 26 ಇರಬೇಕಾದವಳು 24 ಆದದ್ದು ಹೇಗೆ? ಪಕ್ಕದ ಸಾಲು ಓದಿ. ಗಂಡನಿಗೂ 24 ಅಂತ ಇದ್ದರೆ, ಮದುವೆಯ ಹೊತ್ತಿಗೆ ಎರಡು ವರ್ಷ ಇಳಿಸಿ ಹೇಳಿರಬಹುದು. ಒಮ್ಮೆ ಇಳಿಸಿದ ಮೇಲೆ ಮತ್ತೆ ಏರಿಸುವುದು ಕಷ್ಟ. ಮುಂದೆ ಈ ಅಂತರ ಮೂರು ವರ್ಷವಾಗಿದೆ, ನಾಲ್ಕೂ ಆಗಿದೆ. ಕೊನೆಗೆ 1901ರಲ್ಲಿ ಒಂದಕ್ಕೆ ಇಳಿದಿದೆ. ಆ ಹೊತ್ತಿಗೆ ಗಂಡ ತೀರಿಕೊಂಡು, ಉತ್ತರ ಹೇಳಿದವಳು ಮಗಳಾಗಿದ್ದಿರಬಹುದು. ಹೀಗೆ ಓದಿದರೆ ವಯಸ್ಸಿನ ಏರಿಳಿತದಿಂದಲೇ ಆ ಮನೆಯ ಬದುಕು ಸ್ವಲ್ಪ ತಿಳಿಯುತ್ತದೆ. ಆದರೆ ಇದು ಊಹೆ. ಮದುವೆಯ ದಾಖಲೆ ತೆಗೆಸಿ ನೋಡದೆ ಇದನ್ನು ನಿಜ ಅಂತ ಬರೆದಿಡಬಾರದು.

ವಯಸ್ಸನ್ನು ಏರಿಸಲೂ ಕಾರಣ ಇರುತ್ತಿತ್ತು. ಐರ್ಲೆಂಡಿನ 1901 ಮತ್ತು 1911ರ ಗಣತಿ ಪಕ್ಕಪಕ್ಕ ಇಟ್ಟರೆ ಹತ್ತು ವರ್ಷದಲ್ಲಿ ಹದಿನಾಲ್ಕು, ಹದಿನೈದು ವರ್ಷ ಮುದುಕರಾದವರು ಕಾಣುತ್ತಾರೆ. 1908ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂತು. 1909ರ ಜನವರಿಯಿಂದ, 70 ತುಂಬಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲಿಂಗ್ ಕೊಡಲು ಶುರು ಮಾಡಿದರು. ಅಲ್ಲಿ ಎಲ್ಲರ ಜನನ ನೋಂದಣಿ ಆರಂಭವಾದದ್ದೇ 1864ರಲ್ಲಿ. ಹಾಗಾಗಿ ಆ ಮುದುಕರಲ್ಲಿ ಸರ್ಕಾರಿ ಜನನ ಪತ್ರ ಯಾರ ಬಳಿಯೂ ಇರಲಿಲ್ಲ. ಕೆಲವರು ಪಿಂಚಣಿಗಾಗಿ ಏರಿಸಿದರು. ಇನ್ನು ಕೆಲವರು ತಮ್ಮ ವಯಸ್ಸನ್ನು ಮೊದಲ ಸಲ ಸರಿಯಾಗಿ ಲೆಕ್ಕ ಹಾಕಿದ್ದೇ ಆಗ. ಆದ್ದರಿಂದ 1911ರದ್ದೇ ಸುಳ್ಳು ಅಂತ ತೀರ್ಮಾನ ಮಾಡಬೇಡಿ. ಈ ಪಿಂಚಣಿಯಿಂದ ನಮಗೊಂದು ದೊಡ್ಡ ಉಪಕಾರವೂ ಆಗಿದೆ. ವಯಸ್ಸಿಗೆ ಪುರಾವೆಯಾಗಿ 1841 ಮತ್ತು 1851ರ ಗಣತಿಯಲ್ಲಿ ಹುಡುಕಿಸುತ್ತಿದ್ದರು. 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟುಹೋದಾಗ ಆ ಗಣತಿ ಪುಸ್ತಕಗಳು ಬಹುಪಾಲು ಬೂದಿಯಾದವು. ಆದರೆ ಹುಡುಕಾಟದ ಅರ್ಜಿಗಳು ಉಳಿದವು. ಹುಡುಕಿದಾಗ ಸಿಕ್ಕ ವಿವರ ಎಷ್ಟೋ ಅರ್ಜಿಗಳಲ್ಲಿ ಬರೆದಿದೆ. ಐರ್ಲೆಂಡಿನ ಹಿರಿಯರನ್ನು ಹುಡುಕುವವರು ಅವನ್ನು ನೋಡದೆ ಬಿಡಬಾರದು.

ಹುಟ್ಟೂರಿನ ಕಾಲಂ ಕೂಡ ಬದಲಾಗುತ್ತಿರುತ್ತದೆ. ಹುಟ್ಟಿದ ಹಳ್ಳಿಯ ಹತ್ತಿರವೇ ಇರುವಾಗ ಜನ ಹಳ್ಳಿಯ ಹೆಸರು ಹೇಳುತ್ತಾರೆ. ದೂರ ಹೋದ ಮೇಲೆ, ಕೇಳುವವರಿಗೆ ಗೊತ್ತಿರಲಿ ಅಂತ ಪಕ್ಕದ ಪಟ್ಟಣದ ಹೆಸರು ಹೇಳುತ್ತಾರೆ. ಎರಡೂ ನಿಜವೇ. ನಕ್ಷೆ ತೆಗೆದು ಎರಡು ಊರಿನ ನಡುವಿನ ದೂರ ನೋಡಿದರೆ ಎಷ್ಟೋ ಗೊಂದಲ ಅಲ್ಲೇ ಮುಗಿಯುತ್ತದೆ. ಹೆಸರುಗಳೂ ಹಾಗೆಯೇ. ಮೇರಿ ಮನೆಯಲ್ಲಿ ಪೊಲ್ಲಿ, ಮಾರ್ಗರೆಟ್ ಪೆಗ್ಗಿ, ಹೆನ್ರಿ ಹ್ಯಾರಿ. ಇದರ ಮೇಲೆ ಹಳೆಯ ಕೈಬರಹ ಓದಿ ಇಂಡೆಕ್ಸ್ ಮಾಡಿದವರ ತಪ್ಪುಗಳೂ ಸೇರುತ್ತವೆ. ಇಂಡೆಕ್ಸ್‌ನಲ್ಲಿ ಸಿಗಲಿಲ್ಲ ಅಂದರೆ ಮನೆತನದ ಹೆಸರು ಬಿಟ್ಟು, ಮಗುವಿನ ಹೆಸರು, ವಯಸ್ಸು, ಊರು ಇಷ್ಟನ್ನೇ ಹಾಕಿ ಹುಡುಕಿ. ಸಿಕ್ಕ ಮೇಲೆ ಮೂಲ ಪುಟದ ಚಿತ್ರವನ್ನೇ ಓದಿ.

ಒಬ್ಬಳನ್ನು ಹಿಡಿದು ಹೊರಟರೆ ದಾರಿ ತಪ್ಪುತ್ತದೆ, ಇಡೀ ಮನೆಯನ್ನು ಹಿಡಿಯಬೇಕು. ಅಮ್ಮನ ವಯಸ್ಸು ನಾಲ್ಕು ವರ್ಷ ತಪ್ಪಿದ್ದರೂ ಐದು ಮಕ್ಕಳ ಹೆಸರು ಅದೇ ಸರದಿಯಲ್ಲಿದ್ದರೆ, ಅಪ್ಪನ ಕಸುಬು ಒಂದೇ ಇದ್ದರೆ, ಮಕ್ಕಳು ಹುಟ್ಟಿದ ಊರುಗಳು ಹೊಂದಿದರೆ ಅದು ಅದೇ ಸಂಸಾರ. ಸರದಿಯಲ್ಲಿ ಒಂದು ಹೆಸರು ಎರಡು ಸಲ ಬಂದರೆ ಮೊದಲ ಮಗು ತೀರಿಕೊಂಡಿರಬಹುದು. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಆಗ ಸಾಮಾನ್ಯ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1911ರ ಗಣತಿಯಲ್ಲಿ, ಮದುವೆಯಾದ ಹೆಂಗಸರಿಗೆ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಕ್ಕಳು ತೀರಿಕೊಂಡರು ಅಂತಲೇ ಕೇಳಿದ್ದಾರೆ. ವಿಧವೆಯರು ಉತ್ತರಿಸಬೇಕಿರಲಿಲ್ಲ, ಆದರೂ ಹಲವರು ಬರೆದರು. ಗುಮಾಸ್ತರು ಅದನ್ನು ಹೊಡೆದುಹಾಕಿದ್ದರೂ ಅಕ್ಷರ ಓದಲು ಸಿಗುತ್ತದೆ. ಯಾರೂ ಕೇಳದಿದ್ದರೂ ಕಳೆದುಕೊಂಡ ಮಕ್ಕಳನ್ನು ಲೆಕ್ಕಕ್ಕೆ ಸೇರಿಸಿದ ಆ ತಾಯಂದಿರನ್ನು ನೆನೆದು ನನಗೆ ಎಷ್ಟೋ ಸಲ ಓದು ನಿಂತಿದೆ.

ಇಷ್ಟಾದರೂ ಒಂದೇ ಹೆಸರಿನ ಇಬ್ಬರು ಎದುರಿಗೆ ನಿಲ್ಲಬಹುದು. ಆಗ ನಿಮ್ಮವಳು ಅನ್ನಿಸಿದವಳ ಬೆನ್ನು ಹತ್ತಿದರೆ ಸಾಲದು, ಇನ್ನೊಬ್ಬಳನ್ನೂ ಅಷ್ಟೇ ಶ್ರದ್ಧೆಯಿಂದ ಹುಡುಕಿ. ಅವಳು ಹತ್ತನೇ ವಯಸ್ಸಿಗೆ ತೀರಿಕೊಂಡದ್ದು ಸಿಕ್ಕರೆ, ಅಥವಾ ಬೇರೆ ಊರಿನಲ್ಲಿ ಬೇರೆಯವನನ್ನು ಮದುವೆಯಾಗಿ ಮುಂದಿನ ಗಣತಿಯಲ್ಲಿ ಅಲ್ಲೇ ಇದ್ದರೆ, ಅವಳನ್ನು ಧೈರ್ಯವಾಗಿ ಬಿಡಬಹುದು. ಇಬ್ಬರಲ್ಲಿ ಯಾರನ್ನೂ ಬಿಡಲು ಆಗದಿದ್ದರೆ ಇಬ್ಬರನ್ನೂ ಬರೆದಿಟ್ಟು, ಆ ಜಾಗದಲ್ಲಿ ವಂಶವೃಕ್ಷವನ್ನು ನಿಲ್ಲಿಸಿ. ಪ್ರತಿ ಗಣತಿಯ ವಯಸ್ಸನ್ನು ಅಲ್ಲಿ ಇದ್ದ ಹಾಗೇ, ವರ್ಷ ಮತ್ತು ಪುಟದ ಗುರುತಿನ ಜೊತೆ ಬರೆದಿಡಿ. ಮುಂದೆ ಹುಡುಕುವವರಿಗೆ ನೀವು ತಿದ್ದಿದ ವಯಸ್ಸಿಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.