ತುರ್ತು ವಿಭಾಗದಲ್ಲಿ ವೃದ್ಧರ ಜೀವಾಪಾಯ ಅಳೆಯುವ ಲೆಕ್ಕ ಬೆಳೆದು ಬಂದ ಬಗೆ

ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ವಯಸ್ಸಾದ ರೋಗಿ ಬದುಕಿ ಉಳಿಯುವರೇ ಎಂದು ಅಂದಾಜಿಸಲು ಇಂದು ಹಲವು ಅಂಕಪದ್ಧತಿಗಳಿವೆ. ಒಂದರ ಪ್ರಕಾರ ಅಪಾಯವಿಲ್ಲದ ರೋಗಿ ಇನ್ನೊಂದರ ಪ್ರಕಾರ ಗಂಭೀರ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದವು ಒಂದೇ ಮೇಜಿನ ಮೇಲೆ ಬಂದು ಕುಳಿತಿರುವುದೇ ಈ ಗೊಂದಲದ ಮೂಲ.

ಮೊದಲು ಬಂದದ್ದು ತೀವ್ರ ನಿಗಾ ಘಟಕದ ಲೆಕ್ಕ. 1985ರ ಅಪಾಚೆ-2 ಎಂಬ ಅಂಕಪದ್ಧತಿ ದೇಹಸ್ಥಿತಿಯ ಹನ್ನೆರಡು ಅಳತೆಗಳ ಜತೆಗೆ ವಯಸ್ಸಿಗೂ ಅಂಕ ಕೊಟ್ಟಿತು; 75 ತುಂಬಿದವರಿಗೆ ಆರು. 1987ರ ಚಾರ್ಲ್ಸನ್ ಸೂಚ್ಯಂಕ ಹಳೆಯ ಕಾಯಿಲೆಗಳನ್ನು ಎಣಿಸಿತು. 2012ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಹೊರತಂದ ‘ನ್ಯೂಸ್’ ಪದ್ಧತಿ ನಾಡಿ, ಉಸಿರಾಟ, ರಕ್ತದೊತ್ತಡದಂಥವನ್ನು ಹಿಡಿಯಿತು, ವಯಸ್ಸನ್ನು ಕೈಬಿಟ್ಟಿತು.

ವೃದ್ಧರ ದೇಹ ಈ ಅಂಕಗಳಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಸೋಂಕು ರಕ್ತಕ್ಕೆ ಇಳಿದ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಬೀಟಾ ಬ್ಲಾಕರ್ ಮಾತ್ರೆಯಿಂದಾಗಿ ನಾಡಿ 84 ದಾಟಿಲ್ಲ. ಸದಾ 160 ಇರುತ್ತಿದ್ದ ರಕ್ತದೊತ್ತಡ 118ಕ್ಕೆ ಕುಸಿದಿದೆ. ಮೈಶಾಖ 37.4 ಡಿಗ್ರಿ. ನ್ಯೂಸ್‌ನಲ್ಲಿ ಈ ಮೂರಕ್ಕೂ ಸೊನ್ನೆ. ನಿನ್ನೆಯಿಂದ ಅವರು ಮಗಳ ಗುರುತು ಹಿಡಿಯುತ್ತಿಲ್ಲ ಎಂಬುದೇ ದೊಡ್ಡ ಸುಳಿವು. ಅದನ್ನು ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುವುದು ಎಷ್ಟು ಸುಲಭ! ಹೊಸದಾಗಿ ಕಾಣಿಸಿಕೊಂಡ ಇಂಥ ಮನಸ್ಸಿನ ಗೊಂದಲಕ್ಕೆ ಮೂರು ಅಂಕ ಸಿಕ್ಕಿದ್ದು ನ್ಯೂಸ್‌ನ 2017ರ ಪರಿಷ್ಕರಣೆಯಲ್ಲಿ. ತಡವಾದರೂ ಸರಿಯಾದ ಹೆಜ್ಜೆ.

ಕಾಯಿಲೆಗೆ ಮುಂಚೆ ರೋಗಿ ಹೇಗಿದ್ದರೆಂದು ಕೇಳುವ ಇನ್ನೊಂದು ದಾರಿ ಇದಕ್ಕೂ ಮೊದಲೇ ತೆರೆದಿತ್ತು. 1999ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ರೂಪುಗೊಂಡ ಐಸಾರ್ ಎಂಬ ಪ್ರಶ್ನಾವಳಿಯಲ್ಲಿ ಹೌದು-ಇಲ್ಲ ಎನ್ನಬೇಕಾದ ಆರೇ ಪ್ರಶ್ನೆಗಳು. ಕಾಯಿಲೆಗೆ ಮುಂಚೆ ನಿತ್ಯದ ಕೆಲಸಕ್ಕೆ ಯಾರ ನೆರವಾದರೂ ಬೇಕಿತ್ತೇ? ನೆನಪಿನ ಶಕ್ತಿಯಲ್ಲಿ ಗಂಭೀರ ತೊಂದರೆ ಇದೆಯೇ? ಕಳೆದ ಆರು ತಿಂಗಳಲ್ಲಿ ಆಸ್ಪತ್ರೆಗೆ ದಾಖಲಾಗಿದ್ದಿರೇ? 2005ರಲ್ಲಿ ಅದೇ ದೇಶದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು ದೇಹದ ದುರ್ಬಲತೆಯನ್ನು ಹಂತಗಳಲ್ಲಿ ಅಳೆಯುವ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ ಎಂಬ ಮಾಪಕ ಪ್ರಕಟಿಸಿದರು. ಮೊದಲು ಏಳು, ಆಮೇಲೆ ಒಂಬತ್ತು ಹಂತಗಳಾದವು. ಹಣಕಾಸು, ಔಷಧಿಗಳ ನಿಭಾವಣೆಗೆ ನೆರವು ಬೇಕಾದವರು ಐದನೆಯ ಹಂತದಲ್ಲಿ; ಸ್ನಾನಕ್ಕೂ ಕೈಯಾಸರೆ ಬೇಕಾದವರು ಆರರಲ್ಲಿ. ಗುರುತಿಸಬೇಕಾದದ್ದು ಮಂಚದ ಮೇಲಿನ ಈಗಿನ ಸ್ಥಿತಿಯನ್ನಲ್ಲ, ಕಾಯಿಲೆ ಬೀಳುವ ಎರಡು ವಾರ ಮುಂಚಿನದನ್ನು. ವಯಸ್ಸೊಂದನ್ನೇ ನೋಡುವುದಕ್ಕಿಂತ ಇದು ಎಷ್ಟೋ ನ್ಯಾಯವಾದ ಅಳತೆ: ತಾವೇ ಅಡುಗೆ ಮಾಡಿಕೊಂಡು ನಡೆದಾಡಿಕೊಂಡಿದ್ದ 88ರ ಅಜ್ಜಿಯನ್ನು 70ಕ್ಕೇ ಹಾಸಿಗೆ ಹಿಡಿದವರ ಸಾಲಿಗೆ ಇದು ಸೇರಿಸುವುದಿಲ್ಲ.

ಅಳತೆ ಒಳ್ಳೆಯದಾದರೂ ಬಳಕೆ ಎಡವಬಹುದು. 2020ರ ಮಾರ್ಚ್‌ನಲ್ಲಿ, ಕೋವಿಡ್ ಏರುತ್ತಿದ್ದಾಗ, ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ತೀವ್ರ ನಿಗಾ ಘಟಕದ ನಿರ್ಧಾರಗಳಿಗೆ ಈ ಮಾಪಕವನ್ನು ಸೂಚಿಸಿತು. ಅಂಗವಿಕಲರ ಪರ ದನಿಗಳು ಎದ್ದವು. ಸ್ಥಿರ ವೈಕಲ್ಯವಿರುವ ಕಿರಿಯರಿಗೂ ಹೆಚ್ಚು ಅಂಕ ಬಿದ್ದು ಚಿಕಿತ್ಸೆ ತಪ್ಪಬಹುದಿತ್ತು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು: 65ಕ್ಕಿಂತ ಕಿರಿಯರಿಗೆ, ದೀರ್ಘಕಾಲದ ಸ್ಥಿರ ವೈಕಲ್ಯವಿರುವವರಿಗೆ ಇದನ್ನು ಬಳಸಬಾರದು.

ನೂರು ಜನರ ಗುಂಪಿನ ಬಗ್ಗೆ ಅಂಕ ಹೇಳುವ ಮಾತನ್ನು ಎದುರಿಗಿರುವ ಒಬ್ಬರ ಹಣೆಬರಹವೆಂದು ಓದಿಕೊಳ್ಳುವ ಅವಸರವೇ ಇಲ್ಲಿನ ತೊಡಕು. ಹೆಚ್ಚು ಅಂಕ ಬಂದವರಿಗೆ ಹಿರಿಯರ ಚಿಕಿತ್ಸಾ ತಜ್ಞರು ಬೇಗ ಬರಬೇಕು, ಮಾತ್ರೆಗಳ ಪರಿಶೀಲನೆಯಾಗಬೇಕು, ಅವರಿಗೆ ಏನು ಬೇಕು ಎಂದು ಕೇಳಬೇಕು. ಅದಕ್ಕೂ ಮೊದಲು ಅಂಕ ಸರಿಯಿರಬೇಕು. ಒಂಟಿಯಾಗಿ ಆಂಬ್ಯುಲೆನ್ಸ್‌ನಲ್ಲಿ ಬಂದ, ಮಾತು ತಪ್ಪಿದ ರೋಗಿ ಎರಡು ವಾರದ ಹಿಂದೆ ಹೇಗಿದ್ದರೆಂಬುದು ಯಂತ್ರದ ಪರದೆಯಲ್ಲಿ ಸಿಗದು. ಮನೆಯವರಿಗೋ ನೆರೆಯವರಿಗೋ ಯಾರಾದರೂ ಫೋನ್ ಮಾಡಿ ಕೇಳಿ ಬರೆದುಕೊಳ್ಳಬೇಕು. ಆ ಕೆಲಸಕ್ಕೆ ಪಾಳಿಯಲ್ಲಿ ಒಬ್ಬರನ್ನು ಗೊತ್ತುಮಾಡಿರಬೇಕು.