ಕವಿ ತಾನೇ ಬರೆದಿಟ್ಟ ಪುಟ

ಹಾಸನದಲ್ಲಿ ನಾಲ್ಕು ಜನ ಓದುಗರು ಸೇರಿ ಚಿಲಿಯ ಕವಿ ಪಾಬ್ಲೊ ನೆರೂಡನ ಕವಿತೆ ಓದಿದರೆ ಈಗ ಕವಿತೆ ಹಿಂದೆ ಸರಿದು ಕವಿಯ ಬದುಕಿನ ಮಾತೇ ಮುಂದೆ ಬರುತ್ತದೆ. ಕೃತಿ ಬೇರೆ, ಬದುಕು ಬೇರೆ ಎಂದು ಒಬ್ಬರು. ಅದು ಹೇಗೆ ಬೇರೆ ಎಂದು ಇನ್ನೊಬ್ಬರು.

ಈ ತಕರಾರು ಹಳೆಯದು. 1606ರಲ್ಲಿ ಕೊಲೆ ಮಾಡಿ ರೋಮ್ ಬಿಟ್ಟು ಓಡಿದ ಇಟಲಿಯ ಚಿತ್ರಕಾರ ಕಾರವಾಜ್ಜೊನ ಚಿತ್ರಗಳು ಇಂದಿಗೂ ಚರ್ಚುಗಳಲ್ಲಿವೆ. ಶಿಲ್ಪಿ ಎರಿಕ್ ಗಿಲ್ ತನ್ನ ಹೆಣ್ಣುಮಕ್ಕಳ ಮೇಲೆಯೇ ದೌರ್ಜನ್ಯ ಎಸಗಿದ್ದು 1989ರಲ್ಲಿ ಜಗಜ್ಜಾಹೀರಾಯಿತು. ಆತ ರೂಪಿಸಿದ ಅಚ್ಚಿನ ಅಕ್ಷರಗಳು ಬಳಕೆಯಲ್ಲಿವೆ. ಲಂಡನ್ನಿನಲ್ಲಿರುವ ಆತನ ಶಿಲ್ಪಕ್ಕೆ 2022ರಲ್ಲಿ ಸುತ್ತಿಗೆಯ ಏಟು ಬಿತ್ತು.

ನೆರೂಡನ ವಿಷಯದಲ್ಲಿ ಯಾರೂ ಗುಟ್ಟು ಕೆದಕಬೇಕಿರಲಿಲ್ಲ, ಆತನೇ ಆತ್ಮಕಥೆಯಲ್ಲಿ ಬರೆದಿಟ್ಟಿದ್ದ. 1929ರ ಸುಮಾರಿಗೆ ಆತ ಕೊಲಂಬೊದಲ್ಲಿ ಚಿಲಿಯ ರಾಯಭಾರ ಅಧಿಕಾರಿ. ಶೌಚಾಲಯದ ಮಲ ಹೊತ್ತೊಯ್ಯಲು ತಮಿಳು ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಅವಳ ದಾರಿಯಲ್ಲಿ ಆತ ಹಣ್ಣು, ರೇಷ್ಮೆ ಇಟ್ಟ. ಅವಳು ತಿರುಗಿಯೂ ನೋಡಲಿಲ್ಲ. ಒಂದು ಬೆಳಗ್ಗೆ ಮಣಿಕಟ್ಟು ಹಿಡಿದು ಹಾಸಿಗೆಗೆ ಒಯ್ದ. ಅವಳು ಕೊನೆಯವರೆಗೂ ಕಣ್ಣು ಮುಚ್ಚಲಿಲ್ಲ, ಮಿಸುಕಲಿಲ್ಲ. ಅವಳ ಮೈಯನ್ನು ದಕ್ಷಿಣ ಭಾರತದ ಸಾವಿರ ವರ್ಷದ ಶಿಲ್ಪಗಳಿಗೆ ಹೋಲಿಸಿದ ಕವಿ, ತನ್ನನ್ನು ಅವಳು ತಿರಸ್ಕರಿಸಿದ್ದು ಸರಿಯೇ ಎಂದೂ ಬರೆದಿದ್ದಾನೆ. ಆತ 1973ರಲ್ಲಿ ತೀರಿಕೊಂಡ ಮರುವರ್ಷ ಆತ್ಮಕಥೆ ಅಚ್ಚಾಯಿತು. ನಮ್ಮಲ್ಲಿ ಸಚಿವ ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದೂ ಅದೇ ದಶಕದಲ್ಲಿ. ಜಗತ್ತು ಮಾತ್ರ ಆ ಪುಟವನ್ನು ಬಹುಕಾಲ ಸುಮ್ಮನೆ ಮಗುಚಿತು. 2018ರಲ್ಲಿ ಸಾಂತಿಯಾಗೊ ವಿಮಾನ ನಿಲ್ದಾಣಕ್ಕೆ ನೆರೂಡನ ಹೆಸರಿಡುವ ಪ್ರಸ್ತಾವ ಬಂದಾಗ ಚಿಲಿಯ ಸ್ತ್ರೀವಾದಿಗಳು ಅದೇ ಪುಟವನ್ನು ಎತ್ತಿ ಹಿಡಿದರು. ಹೆಸರು ಬದಲಾಗಲಿಲ್ಲ.

ಆ ಹೋಲಿಕೆ ಓದಿದ ಮೇಲೆ ಬೇಲೂರಿನ ಮದನಿಕೆಯರನ್ನು ಮೊದಲಿನಂತೆ ನೋಡುವುದು ನನಗೆ ಕಷ್ಟವಾಗಿದೆ. ಕತ್ತೆತ್ತಿದರೆ ಕನ್ನಡಿ ಹಿಡಿದವಳು, ಕೂದಲು ಹಿಂಡುವವಳು. ಕೆಲವು ಪೀಠಗಳ ಮೇಲೆ ಕಡೆದವರ ಹೆಸರಿದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಂಬೈನೂರು ವರ್ಷದ ಮಳೆಗೂ ಅಳಿಯದ ಅಕ್ಷರ ಅದು. ಯಾವ ಹೆಣ್ಣಿನ ನಿಲುವು ಕಂಡು ಕಡೆದರೋ ಅವಳ ಹೆಸರಿಲ್ಲ. ಕೊಲಂಬೊದ ಹೆಣ್ಣುಮಗಳ ಹೆಸರೂ ಆತ್ಮಕಥೆಯಲ್ಲಿಲ್ಲ. ಕವಿಯನ್ನು ಓದಬೇಕೇ ಬಿಡಬೇಕೇ ಎಂದು ನಾವು ಗಂಟೆಗಟ್ಟಲೆ ಜಗಳವಾಡುವಾಗಲೂ ಮಾತೆಲ್ಲ ಕವಿಯದೇ. ಆಕೆ ಮತ್ತೆ ಬಕೆಟ್ಟು ಹೊತ್ತು ಹಿತ್ತಲ ಬಾಗಿಲಿನಿಂದ ಹೊರಟುಹೋಗಿರುತ್ತಾಳೆ.

ನೆರೂಡನ ಕವಿತೆಗಳನ್ನು ನಾನು ಬಿಟ್ಟಿಲ್ಲ. ನಾಲ್ಕು ಜನರೆದುರು ಓದುವ ದಿನ ಮೊದಲು ಆ ಪುಟವನ್ನು ಓದುತ್ತೇನೆ, ಆಮೇಲೆ ಕವಿತೆಯನ್ನು.